ಮೂಳೆಯ ದೊಡ್ಡ ಅಂತರ ತುಂಬುವ ಕರಗುವ ಸ್ಕ್ಯಾಫೋಲ್ಡ್

ಮುರಿದ ಮೂಳೆ ಸಾಮಾನ್ಯವಾಗಿ ತಾನೇ ಕೂಡಿಕೊಳ್ಳುತ್ತದೆ. ಆದರೆ ಅಪಘಾತದಲ್ಲಿ ಮೂಳೆ ಚೂರಾಗಿ ಹೋದಾಗ ಅಥವಾ ಗೆಡ್ಡೆಯೊಂದಿಗೆ ಅದರ ಒಂದು ಭಾಗವನ್ನೇ ತೆಗೆದಾಗ ಉಳಿಯುವ ದೊಡ್ಡ ಅಂತರ ಹಾಗೆ ತುಂಬುವುದಿಲ್ಲ. ಇದೇ ‘ಕ್ರಿಟಿಕಲ್ ಸೈಜ್ ಡಿಫೆಕ್ಟ್’. ರೋಗಿಯ ಸೊಂಟದ ಮೂಳೆಯಿಂದಲೇ ತುಣುಕು ತೆಗೆದು ಕೂರಿಸುವ ಆಟೋಗ್ರಾಫ್ಟ್ ಇಂದಿಗೂ ಉತ್ತಮ ವಿಧಾನ. ಆದರೆ ಸಿಗುವ ಮೂಳೆ ಕಡಿಮೆ, ತೆಗೆದ ಜಾಗದಲ್ಲಿ ನೋವು.

ಇದಕ್ಕೆ ಪರ್ಯಾಯವೇ ಜೈವಿಕ ವಿಘಟನೀಯ ಸ್ಕ್ಯಾಫೋಲ್ಡ್. ಇದು ರಂಧ್ರಗಳಿರುವ ಚೌಕಟ್ಟು. ಒಳಗೆ ಜೀವಕೋಶಗಳು ನೆಲೆಸಿ ಮೂಳೆ ಕಟ್ಟುತ್ತಿದ್ದಂತೆ ಚೌಕಟ್ಟು ಕರಗುತ್ತದೆ. ರಂಧ್ರಗಳು ಒಂದಕ್ಕೊಂದು ಕೂಡಿದ್ದು, ಸುಮಾರು 300 ಮೈಕ್ರೋಮೀಟರ್‌ಗಿಂತ ದೊಡ್ಡದಾಗಿದ್ದರೆ ರಕ್ತನಾಳಗಳು ಸುಲಭವಾಗಿ ಒಳನುಗ್ಗುತ್ತವೆ. ರಕ್ತ ಹರಿಯದ ಕಡೆ ಮೂಳೆ ಬದುಕದು.

ನಿಜವಾದ ಕಷ್ಟ ಕರಗುವ ವೇಗದಲ್ಲಿದೆ. ಬೇಗ ಕರಗಿದರೆ ಭಾರ ಹೊರುವ ಬಲವಿರದು, ತಡವಾದರೆ ಹೊಸ ಮೂಳೆಗೆ ಜಾಗವಿರದು. ಸ್ಕ್ಯಾಫೋಲ್ಡ್‌ಗೆ ಬಳಸುವ ಪಾಲಿಮರ್‌ಗಳಲ್ಲಿ ಪಾಲಿಲ್ಯಾಕ್ಟಿಕ್ ಆಮ್ಲ ನೀರಿನೊಂದಿಗೆ ವರ್ತಿಸಿ ಲ್ಯಾಕ್ಟಿಕ್ ಆಮ್ಲವಾಗುತ್ತದೆ. ದೇಹ ಅದನ್ನು ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿಸುತ್ತದೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಕರಗಲು ವರ್ಷಗಳೇ ಬೇಕು. ಸೆರಾಮಿಕ್‌ಗಳಲ್ಲಿ ಟ್ರೈಕ್ಯಾಲ್ಸಿಯಂ ಫಾಸ್ಫೇಟ್ ಬೇಗ, ಹೈಡ್ರಾಕ್ಸಿಅಪಟೈಟ್ ಬಹಳ ನಿಧಾನ. ಈ ವ್ಯತ್ಯಾಸ ನೆನಪಿರಲಿ.

ಗೊಂದಲ ಮೂಡಿಸುವ ಪದಗಳ ಜೋಡಿಯೊಂದಿದೆ: ಮೇಲ್ಮೈಯ ಮೇಲೆ ಮೂಳೆ ಹಬ್ಬಲು ಬಿಡುವುದು ಆಸ್ಟಿಯೋಕಂಡಕ್ಷನ್, ಕಾಂಡಕೋಶಗಳನ್ನು ಮೂಳೆಕೋಶಗಳಾಗಲು ಪ್ರಚೋದಿಸುವುದು ಆಸ್ಟಿಯೋಇಂಡಕ್ಷನ್. ಎರಡನೆಯದಕ್ಕೆ ದಾರಿ ತೋರಿದವರು ಸಂಶೋಧಕ ಮಾರ್ಷಲ್ ಯೂರಿಸ್ಟ್, 1965ರಲ್ಲಿ. ಇಂಥ ಪ್ರಚೋದನೆ ನೀಡುವ ಬಿಎಂಪಿ-2 ಪ್ರೋಟೀನನ್ನು ಕರಗುವ ಕೊಲಾಜೆನ್ ಸ್ಪಂಜಿನಲ್ಲಿ ಇಟ್ಟು ಮೊಣಕಾಲಿನ ಕೆಳಗಿನ ಟಿಬಿಯಾ ಮೂಳೆಯ ತೆರೆದ ಮುರಿತಕ್ಕೆ ಬಳಸಲು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲಿ ಅನುಮತಿ ನೀಡಿತು.