17ರಲ್ಲಿ ಹತ್ತಿ, 18ರಲ್ಲಿ ಇಳಿಯಿರಿ

ಪ್ರಶ್ನೆ: ಮೈಸೂರಿನಲ್ಲಿದ್ದಾಗ ಮಗಳನ್ನು ಶಾಲೆಗೆ ಬಿಡುವುದರಿಂದ ಹಿಡಿದು ಬೆಂಗಳೂರಿಗೆ ಹೋಗಿಬರುವವರೆಗೆ ಒಬ್ಬಳೇ ಕಾರು ಓಡಿಸುತ್ತಿದ್ದವಳು ನಾನು. ಈಗ ಲಂಡನ್ ಪಕ್ಕದ ಸ್ಲೌನಲ್ಲಿದ್ದೇವೆ. ಇಲ್ಲಿನ ಡ್ರೈವಿಂಗ್ ಪರೀಕ್ಷೆಯೂ ಪಾಸಾಗಿದೆ. ಊರೊಳಗೆ ತೊಂದರೆಯಿಲ್ಲ, ಆದರೆ ಎಂ 25 ಅಂದರೆ ಕೈ ಬೆವರುತ್ತದೆ. ಒಮ್ಮೆ ಯಜಮಾನರ ಜೊತೆ ಹೋದಾಗ ಸ್ಲಿಪ್ ರೋಡಿನ ಕೊನೆಯಲ್ಲಿ ನಿಂತೇಬಿಟ್ಟೆ. ಹಿಂದಿನ ಲಾರಿಯವನು ಹಾರ್ನ್ ಹೊಡೆದ, ಇವರು ಕೂಗಾಡಿದರು. ಆಮೇಲೆ ಆ ಕಡೆ ಹೋಗಿಲ್ಲ. ಈಗ ಹೆಮೆಲ್ ಹೆಂಪ್‌ಸ್ಟೆಡ್‌ನಲ್ಲಿ ಕೆಲಸ ಸಿಕ್ಕಿದೆ. ಬೇಡ ಅಂದುಬಿಡಲೇ ಎಂದು ಯೋಚಿಸುತ್ತಿದ್ದೇನೆ. 'ನಮ್ಮೂರಲ್ಲಿ ಓಡಿಸಿದವಳಿಗೆ ಇದೇನು ಮಹಾ' ಅನ್ನುತ್ತಾರೆ ಎಲ್ಲರೂ.
– ಓದುಗರು, ಸ್ಲೌ

ಉತ್ತರ: ಕೆಲಸ ಬೇಡ ಅನ್ನಬೇಡಿ. ಉಳಿದದ್ದನ್ನು ನಿಧಾನವಾಗಿ ನೋಡೋಣ.

'ಇದೇನು ಮಹಾ' ಅನ್ನುವವರ ಮಾತನ್ನು ಮೊದಲು ಬದಿಗಿಡಿ. ಎಂ 25 ಮಹಾ ರಸ್ತೆಯೇ. ಲಂಡನ್ನಿನ ಸುತ್ತ 188 ಕಿ.ಮೀ. ಬಳಸಿ ಬರುವ ಈ ವರ್ತುಲ ಪೂರ್ತಿಯಾದದ್ದು 1986ರಲ್ಲಿ. ಹೀಥ್ರೂ ಬಳಿಯ ಭಾಗದಲ್ಲಿ ಒಂದೊಂದು ದಿಕ್ಕಿಗೂ ಆರು ಲೇನ್, ದಿನಕ್ಕೆ ಎರಡು ಲಕ್ಷದಷ್ಟು ವಾಹನ. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಅದಕ್ಕೆ ಅಂಜುವವರಿದ್ದಾರೆ. ಅದಕ್ಕಿಂತ ದೊಡ್ಡ ಮಾತೆಂದರೆ, ನೀವು ಪಾಸಾದ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಮೋಟರ್‌ವೇ ಇರುವುದೇ ಇಲ್ಲ. ಕಲಿಯುವವರಿಗೆ ಮೋಟರ್‌ವೇ ಹತ್ತಲು ಅನುಮತಿ ಸಿಕ್ಕಿದ್ದೇ 2018ರ ಜೂನ್‌ನಲ್ಲಿ. ಅದೂ ಅಧಿಕೃತ ಶಿಕ್ಷಕರು ಪಕ್ಕದಲ್ಲಿದ್ದು, ಅವರ ಕಾಲಿಗೂ ಬ್ರೇಕ್ ಇರುವ ಕಾರಿನಲ್ಲಿ ಮಾತ್ರ. ನಿಮಗೆ ಯಾರೂ ಕಲಿಸದ ಕೆಲಸವನ್ನು ನೀವು ಮಾಡಲಾಗಲಿಲ್ಲ, ಅಷ್ಟೆ.

ಮೈಸೂರಿನ ಅನುಭವ ದಂಡವಲ್ಲ. ಆದರೆ ಅಲ್ಲಿ ಕಣ್ಣು ಪಳಗಿರುವುದು ಹತ್ತಿರದ್ದಕ್ಕೆ: ಮುಂದಿನ ಆಟೋ, ಪಕ್ಕಕ್ಕೆ ನುಸುಳುವ ಬೈಕು, ಅಡ್ಡ ಬರುವ ಹಸು. ಅನುಮಾನ ಬಂದರೆ ನಿಧಾನಿಸಬೇಕು, ನಿಲ್ಲಬೇಕು. ಉಳಿದವರು ಬಳಸಿಕೊಂಡು ಹೋಗುತ್ತಾರೆ. ಅಂದು ನಿಮ್ಮನ್ನು ನಿಲ್ಲಿಸಿದ್ದು ಅದೇ ಒಳ್ಳೆಯ ಬುದ್ಧಿ. ಮೋಟರ್‌ವೇಯಲ್ಲಿ ಮಾತ್ರ ಅದು ತಿರುಗುಬಾಣವಾಗುತ್ತದೆ. ಸ್ಲಿಪ್ ರೋಡ್ ಇರುವುದು ವೇಗ ಕೂಡಿಸಿಕೊಳ್ಳುವುದಕ್ಕೆ. ಅದರಲ್ಲಿ ಇಳಿಯುತ್ತಿರುವಾಗಲೇ ಬಲಕ್ಕೆ ಹರಿಯುವ ವಾಹನಗಳನ್ನು ನೋಡಿ, ಒಂದು ಸಂದು ಗುರುತಿಸಿ, ಆ ಸಾಲಿನ ವೇಗಕ್ಕೆ ನಿಮ್ಮ ಕಾರನ್ನು ತನ್ನಿ, ಕನ್ನಡಿ ನೋಡಿ, ಹೆಗಲ ಮೇಲಿಂದ ಒಮ್ಮೆ ಕಣ್ಣು ಹಾಯಿಸಿ ಸೇರಿಕೊಳ್ಳಿ. ಆದ್ಯತೆ ಅವರದು, ಸಂದು ಹುಡುಕುವ ಕೆಲಸ ನಿಮ್ಮದು. ಎಡ ಲೇನಿನ ದೊಡ್ಡ ಲಾರಿಗಳಿಗೆ ಗಂಟೆಗೆ 56 ಮೈಲಿ, ಅಂದರೆ 90 ಕಿ.ಮೀ. ಮೀರದಂತೆ ಯಂತ್ರದಲ್ಲೇ ಕಟ್ಟು ಹಾಕಿರುತ್ತಾರೆ. ನೀವೂ ಆ ವೇಗದಲ್ಲಿದ್ದರೆ ಎರಡು ಲಾರಿಗಳ ನಡುವಿನ ಜಾಗ ಸಾಕಷ್ಟಾಗಿ ಕಾಣುತ್ತದೆ. 30 ಮೈಲಿಯಲ್ಲಿದ್ದರೆ ಯಾವ ಜಾಗವೂ ಸಾಲದು.

ಹೆಡ್‌ಲೈಟ್ ಮಿನುಗಿಸುವುದನ್ನು ನಂಬಿ ನುಗ್ಗಬೇಡಿ. ನಮ್ಮ ಕಡೆ ಅದು 'ನಾನು ಬರುತ್ತಿದ್ದೇನೆ, ಸರಿ' ಎಂದಾದರೆ, ಇಲ್ಲಿ ಬಹಳ ಜನ 'ನೀವು ಹೋಗಿ' ಎಂದು ಮಿನುಗಿಸುತ್ತಾರೆ. ಇಲ್ಲಿನ ಹೈವೇ ಕೋಡ್ ಒಪ್ಪುವುದು 'ನಾನಿಲ್ಲಿದ್ದೇನೆ' ಎಂಬ ಅರ್ಥವೊಂದನ್ನೇ. ಇನ್ನು ಯುರೋಪಿನಿಂದ ಬರುವ ಲಾರಿಗಳ ಸ್ಟಿಯರಿಂಗ್ ಎಡಕ್ಕಿರುತ್ತದೆ. ಅವುಗಳ ಬಲ ಮಗ್ಗುಲಲ್ಲಿರುವ ಕಾರು ಚಾಲಕನಿಗೆ ಕಾಣದೆ ಹೋಗಬಹುದು, ಅಲ್ಲಿ ಹೆಚ್ಚು ಹೊತ್ತು ಉಳಿಯಬೇಡಿ.

ಭಯ ಪೂರ್ತಿ ಕಳೆದ ಮೇಲೆ ಹೋಗುತ್ತೇನೆ ಅಂದುಕೊಂಡರೆ ಹೋಗುವ ದಿನ ಬರುವುದಿಲ್ಲ. ತಪ್ಪಿಸಿಕೊಂಡಾಗಲೆಲ್ಲ ಮೈಗೆ ಹಾಯೆನಿಸುತ್ತದೆ. ಆ ಹಾಯೇ ಭಯವನ್ನು ಸಾಕುತ್ತದೆ. ಹಾಗೆಂದು ಒಂದೇ ಏಟಿಗೆ ಇಡೀ ದಾರಿಯನ್ನು ಮೈಮೇಲೆ ಎಳೆದುಕೊಳ್ಳುವುದೂ ಬೇಡ. ನಿಮ್ಮ ಅದೃಷ್ಟಕ್ಕೆ ಸ್ಲೌನಿಂದ ಎ 412 ಇದೆ. ಐವರ್ ಹೀತ್, ಡೆನಮ್ ದಾಟಿ ಮೇಪಲ್ ಕ್ರಾಸ್‌ಗೆ ಹೋಗುವ ಸಾಧಾರಣ ರಸ್ತೆ. ಅಲ್ಲೇ ಎಂ 25ರ ಜಂಕ್ಷನ್ 17. ಹೀಥ್ರೂ ಬಳಿಯ ಆ ಅಗಲದ ಸಾಲುಗಳ ಗೊಡವೆಯೇ ಇರುವುದಿಲ್ಲ. ಭಾನುವಾರ ಬೆಳಿಗ್ಗೆ 17ರಲ್ಲಿ ಹತ್ತಿ, ಎಡ ಲೇನಿನಲ್ಲೇ ಇದ್ದು, 18ರಲ್ಲಿ ಇಳಿಯಿರಿ. ನಡುವೆ ಇರುವುದು ಎರಡು ಮೈಲಿಯ ಆಸುಪಾಸು. ತಿರುಗಿ ಬನ್ನಿ, ಮತ್ತೆ ಹೋಗಿ. ಬೇಸರ ಬರುವಷ್ಟು ಸಲ ಮಾಡಿ. ಬೇಸರ ಬಂತೆಂದರೆ 20ರವರೆಗೆ ಮುಂದುವರಿಯಿರಿ. ಹೆಮೆಲ್ ಹೆಂಪ್‌ಸ್ಟೆಡ್‌ಗೆ ಇಳಿಯುವುದು ಅಲ್ಲೇ. ಈ ಭಾಗದಲ್ಲಿ ಎಡಕ್ಕೆ ಹಾರ್ಡ್ ಶೋಲ್ಡರ್ ಉಳಿದಿದೆ. ಕಾರು ಕೆಟ್ಟರೆ ನಿಲ್ಲಿಸಲು ಜಾಗವಿದೆ ಎಂಬ ತಿಳಿವಳಿಕೆಯೇ ಅರ್ಧ ಧೈರ್ಯ.

ಮೊದಲ ಕೆಲವು ಸಲ ಪಕ್ಕದಲ್ಲಿ ಯಜಮಾನರು ಬೇಡ. ಇದನ್ನು ಅವರಿಗೂ ಓದಿಸಿ: ವೇಗದ ಸಾಲಿಗೆ ಸೇರುತ್ತಿರುವವರ ಕಿವಿಗೆ ಕೂಗುವುದು ಅಪಾಯ. ಅವರಿಗೂ ಅಂದು ಹೆದರಿಕೆಯಾಗಿರಬೇಕು, ಆದರೆ ಅವರ ಹೆದರಿಕೆಯನ್ನೂ ಹೊತ್ತು ಓಡಿಸುವ ಕೆಲಸ ನಿಮ್ಮದಲ್ಲ. ಶಿಕ್ಷಕರೊಬ್ಬರನ್ನು ಗೊತ್ತು ಮಾಡಿಕೊಳ್ಳಿ. ಪರೀಕ್ಷೆ ಪಾಸಾದವರಿಗೆಂದೇ ಇರುವ 'ಪಾಸ್ ಪ್ಲಸ್' ತರಬೇತಿಯಲ್ಲಿ ಮೋಟರ್‌ವೇಯೂ ಸೇರಿದೆ, ಕನಿಷ್ಠ 6 ಗಂಟೆ. ಮೋಟರ್‌ವೇ ಪಾಠ ಮಾತ್ರ ಬೇಕೆಂದರೂ ಕೇಳಿ ನೋಡಬಹುದು.

ಇಳಿಯುವ ಜಾಗ ತಪ್ಪಿಹೋದರೆ ಎಂಬ ಚಿಂತೆಯೂ ಇರಬಹುದು. ಜಂಕ್ಷನ್‌ಗೆ ಒಂದು ಮೈಲಿ, ಅರ್ಧ ಮೈಲಿ ಇರುವಾಗಲೇ ಫಲಕ ಬರುತ್ತದೆ. ಆಮೇಲೆ ಮೂರು, ಎರಡು, ಒಂದು ಓರೆ ಗೆರೆಯ ಸಣ್ಣ ಫಲಕಗಳು. ಅಷ್ಟಾಗಿಯೂ 20 ತಪ್ಪಿತೇ? ಕೊನೆ ಗಳಿಗೆಯಲ್ಲಿ ಎಡಕ್ಕೆ ಎಳೆಯಬೇಡಿ. 21ರಲ್ಲಿ ಎಂ 1ರ ಉತ್ತರ ದಿಕ್ಕು ಹಿಡಿದರೆ ಅದರ ಜಂಕ್ಷನ್ 8 ಮತ್ತೆ ಹೆಮೆಲ್ ಹೆಂಪ್‌ಸ್ಟೆಡ್‌ಗೇ ಇಳಿಸುತ್ತದೆ.

ಕೈ ಬೆವರಿದರೆ ಬೆವರಲಿ, ಬೆವರುವ ಕೈಯಲ್ಲೂ ಕಾರು ಓಡುತ್ತದೆ. ಹೆಗಲು ಸಡಿಲಿಸಿ, ಉಸಿರನ್ನು ಒಳಗೆ ಎಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡಿ, ಮುಂದಿನ ವಾಹನಕ್ಕೆ ಎರಡು ಸೆಕೆಂಡಿನ ಅಂತರ ಇಡಿ, ಮಳೆಯಿದ್ದರೆ ನಾಲ್ಕು. ಆದರೆ ಎದೆ ಬಿಗಿದು ತಲೆ ಸುತ್ತುವಂತಿದ್ದರೆ, ರಸ್ತೆಯ ನೆನಪಿಗೇ ರಾತ್ರಿ ನಿದ್ದೆ ಕೆಡುತ್ತಿದ್ದರೆ, ಅಭ್ಯಾಸಕ್ಕಿಂತ ಮೊದಲು ಆ ಭಯಕ್ಕೇ ನೆರವು ಪಡೆಯಿರಿ. ಇಂಗ್ಲೆಂಡಿನಲ್ಲಿ ಎನ್‌ಎಚ್‌ಎಸ್ ಟಾಕಿಂಗ್ ಥೆರಪಿಸ್ ಸೇವೆಗೆ ವೈದ್ಯರ ಚೀಟಿಯಿಲ್ಲದೆ ನೀವೇ ಹೆಸರು ಕೊಡಬಹುದು, ಹಣ ಕೊಡಬೇಕಿಲ್ಲ.

ಕೆಲಸದ ಮೊದಲ ದಿನವೇ ಎಂ 25ರಲ್ಲಿ ಹೋಗಬೇಕೆಂಬ ಹಟ ಬೇಡ. ಎ 412ರಿಂದ ಮುಂದೆ ಊರುಗಳ ಒಳಗಿಂದಲೇ ತಡವಾಗಿ ತಲುಪುವ ದಾರಿಯೂ ಇದೆ. ಬೆಳಗಿನ ನೂಕುನುಗ್ಗಲು ಕಳೆದ ಮೇಲೆ ಬರುತ್ತೇನೆಂದು ಕಚೇರಿಯಲ್ಲಿ ಕೇಳಿ. 2024ರ ಏಪ್ರಿಲ್‌ನಿಂದ ಸಮಯ ಬದಲಾವಣೆಗೆ ಮನವಿ ಕೊಡುವ ಹಕ್ಕು ಇಲ್ಲಿನ ನೌಕರರಿಗೆ ಸೇರಿದ ಮೊದಲ ದಿನದಿಂದಲೇ ಇದೆ. ಆ ಪತ್ರವನ್ನು ಈ ವಾರವೇ ಬರೆಯಿರಿ.