ರಾಶಿಗೊಂದು ಗುರಿ, ಪಗಾರಕ್ಕೊಂದು ಗುರಿ

ಸೇಡಂ, ಚಿಂಚೋಳಿ ಕಡೆಯ ತೊಗರಿ ಮನೆಗಳಲ್ಲಿ ಮಗಳ ಮದುವೆಗೂ ಮನೆಯ ಸ್ಲ್ಯಾಬಿಗೂ ಮಗನ ಎಂಜಿನಿಯರಿಂಗ್ ಸೀಟಿಗೂ ಒಂದೇ ವಾಯಿದೆ: ‘ರಾಶಿ ಆಗಲಿ, ನೋಡೋಣ’. ನಾನು ಬೆಳೆದದ್ದೂ ಅಂಥ ಮನೆಯಲ್ಲೇ. ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಕೈಗೆ ಬರುವುದು ಡಿಸೆಂಬರ್-ಜನವರಿಗೆ. ಅಡತಿ ಅಂಗಡಿಯ ಪಟ್ಟಿ ಸಿಕ್ಕ ರಾತ್ರಿ ಅಪ್ಪ ಅದರ ಬೆನ್ನಿಗೇ ಲೆಕ್ಕ ಬರೆಯುತ್ತಿದ್ದರು: ಮೊದಲು ಸೊಸೈಟಿ ಸಾಲ, ಆಮೇಲೆ ಬೀಜ-ಗೊಬ್ಬರ, ಕೊನೆಗೆ ಮನೆ. ಒಂದು ರಾಶಿಗೆ ಪಾಯ, ಇನ್ನೊಂದಕ್ಕೆ ಗೋಡೆ, ಮತ್ತೊಂದಕ್ಕೆ ಶಹಾಬಾದ್ ಕಲ್ಲಿನ ನೆಲ. ನಮ್ಮ ಮನೆ ಎದ್ದದ್ದು ಹಾಗೆ.

ಪಗಾರ ಬರತೊಡಗಿದ ಮೇಲೂ ನಾನು ಆ ಕ್ರಮವನ್ನೇ ಹಿಡಿದೆ. ದೊಡ್ಡ ಆಸೆಯನ್ನು ವರ್ಷದೊಳಗೆ ಮುಗಿಯುವ ಕೆಲಸಗಳಾಗಿ ಒಡೆದು, ದುಡ್ಡು ಬರುವ ವೇಳೆಗೆ ಹೊಂದಿಸಿದೆ. ಈ ಹೊಂದಿಕೆಯೇ ಮುಖ್ಯ. ವಾಡಿಯ ಸಿಮೆಂಟ್ ಕಾರ್ಖಾನೆ ನೌಕರನಿಗೆ ತಿಂಗಳ ಪಗಾರ, ಶಹಾಬಾದ್, ಚಿತ್ತಾಪುರದ ಕಲ್ಲುಗಣಿಗಳಲ್ಲಿ ದುಡಿಯುವ ಎಷ್ಟೋ ಜನರಿಗೆ ವಾರದ ಕೂಲಿ, ತೊಗರಿ ರೈತನಿಗೆ ವರ್ಷಕ್ಕೊಂದೇ ಸಲ.

ಕೂಲಿಯವರು ವಾರಕ್ಕೆ 200 ರೂಪಾಯಿ ತೆಗೆದಿಟ್ಟರೆ 52 ವಾರಕ್ಕೆ 10,400 ಆಗುತ್ತದೆ. ಶಾಲೆ ಶುರುವಾಗುವಾಗ ಯಾರ ಮುಂದೆಯೂ ಕೈಚಾಚಬೇಕಿಲ್ಲ. ಪಗಾರದವರ ಹತ್ತಿರದ ಗುರಿಗೆ ಬ್ಯಾಂಕಿನ 12 ತಿಂಗಳ ಆರ್‌ಡಿ ಸರಿ. ಅಂಚೆ ಕಚೇರಿಯ ಆರ್‌ಡಿ 5 ವರ್ಷದ್ದು, ಅದು ಕಾಲೇಜು ಖರ್ಚಿನಂಥ ದೂರದ ಗುರಿಗಿರಲಿ. ರೈತರು ರಾಶಿ ದುಡ್ಡಿನ ಒಂದು ಪಾಲನ್ನು ಅಂಚೆ ಕಚೇರಿಯ 1 ವರ್ಷದ ಟೈಮ್ ಡೆಪಾಸಿಟ್‌ನಲ್ಲಿ ಇಟ್ಟರೆ ಮುಂದಿನ ರಾಶಿಯ ಹೊತ್ತಿಗೆ ಅದು ಬಡ್ಡಿಸಮೇತ ಬರುತ್ತದೆ.

ಮೊದಲ ಗುರಿ ಮಾತ್ರ ಎಲ್ಲರಿಗೂ ಒಂದೇ: ಬಡ್ಡಿ ಸಾಲ ತೀರಿಸುವುದು. ನೂರಕ್ಕೆ ತಿಂಗಳಿಗೆ 3 ರೂಪಾಯಿ ಎಂದರೆ ವರ್ಷಕ್ಕೆ ಶೇ 36. 50,000 ಸಾಲ ತಂದವರು ವರ್ಷಕ್ಕೆ 18,000 ಬಡ್ಡಿಯನ್ನೇ ಕಟ್ಟುತ್ತಾರೆ, ಅಸಲು ಹಾಗೇ ಇರುತ್ತದೆ. ಅಷ್ಟು ಬಡ್ಡಿ ಕೊಡುವ ಠೇವಣಿ ಯಾವ ಬ್ಯಾಂಕಿನಲ್ಲೂ ಇಲ್ಲ. ಸಹಕಾರ ಸಂಘದ ಶೂನ್ಯ ಬಡ್ಡಿ ಬೆಳೆಸಾಲದ ಲಾಭವೂ ವಾಯಿದೆಯೊಳಗೆ ಕಟ್ಟಿದವರಿಗೆ ಮಾತ್ರ. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಇವತ್ತೇ ಗುರುತು ಹಾಕಿ.

2022ರಲ್ಲಿ ನೆಟೆರೋಗ ಬಡಿದು ನಮ್ಮ ಜಿಲ್ಲೆಯ ತೊಗರಿ ನಿಂತಲ್ಲೇ ಒಣಗಿತು. ಅಂಥ ವರ್ಷ ಗುರಿ ಬಿಡಬೇಡಿ, ಸಣ್ಣದು ಮಾಡಿ. ಹೊಸ ಬೈಕು ಮುಂದಕ್ಕೆ ಹೋಗಲಿ. ಮಕ್ಕಳ ಫೀಸು, ಬಿತ್ತನೆಯ ದುಡ್ಡು ಮುಟ್ಟದೆ ಉಳಿಯಲಿ. ಬೆಳೆ ಕೈಕೊಟ್ಟ ವರ್ಷವನ್ನು ಹೊಸ ಸಾಲವಿಲ್ಲದೆ ದಾಟಿದ ಮನೆಯವರು ತಾವು ಸೋತೆವು ಅಂದುಕೊಳ್ಳಬಾರದು. ಆ ವರ್ಷಕ್ಕೆ ಅದಕ್ಕಿಂತ ದೊಡ್ಡ ಗುರಿ ಇರಲಿಲ್ಲ, ಅದನ್ನು ಅವರು ಮುಟ್ಟಿದ್ದಾರೆ.