ಮೊದಲು ನೀರು, ಆಮೇಲೆ ಬಟ್ಟೆ

ಪುಟ್ಟೀ, ಹೊಸ ಕಾರು ತಗೊಂಡದ್ದಕ್ಕೆ ನನ್ನ ತಕರಾರೇನೂ ಇಲ್ಲ. ಸಾಲ ನಿನ್ನದು, ಕಂತು ನಿನ್ನದು, ಬಣ್ಣವೂ ನಿನ್ನದೇ ಆಯ್ಕೆ. ಬೆಂಗಳೂರಿನ ಧೂಳಿನಲ್ಲಿ ಕಪ್ಪು ಕಾರು ಇಟ್ಟುಕೊಳ್ಳುವ ಧೈರ್ಯ ನಿಮ್ಮಪ್ಪನಿಗೂ ಇರಲಿಲ್ಲ. ಟಿಂಕರಿಂಗ್, ಪೇಂಟಿಂಗ್ ಶೆಡ್ಡಿನಲ್ಲೇ ತಲೆ ನರೆತ ನಿನ್ನ ದೊಡ್ಡಪ್ಪ ಹೇಳುವುದು ಇಷ್ಟೇ: ಕಾರಿನ ಬಣ್ಣ ಕೊಳೆಯಿಂದ ಕೆಡುವುದು ಸ್ವಲ್ಪ, ಒರೆಸಿ ಒರೆಸಿ ಕೆಡುವುದೇ ಹೆಚ್ಚು.

ಯಾಕೆ ಅಂತೀಯಾ? ತಗಡಿನ ಮೇಲೆ ಮೊದಲು ತುಕ್ಕು ತಡೆಯುವ ಒಂದು ಪದರ ಇರುತ್ತದೆ. ಅದರ ಮೇಲೆ ಪ್ರೈಮರ್, ಆಮೇಲೆ ಬಣ್ಣ, ಎಲ್ಲದರ ಮೇಲೆ ಬಣ್ಣವೇ ಇಲ್ಲದ ಕ್ಲಿಯರ್ ಕೋಟ್. ನೀನು ಹೊಳಪು ಅಂತ ಸವರಿ ಖುಷಿಪಡುವುದು ಅದನ್ನೇ. ಎಲ್ಲಾ ಸೇರಿದರೂ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್; ಕ್ಲಿಯರ್ ಕೋಟ್ ಒಂದೇ ಆದರೆ ಸುಮಾರು 40–50. ನಿನ್ನ ತಲೆಗೂದಲು ಅದಕ್ಕಿಂತ ದಪ್ಪ. ಸವೆದದ್ದು ತಿರುಗಿ ಬೆಳೆಯುವುದಿಲ್ಲ. ಧೂಳಿನಲ್ಲಿರುವ ಮರಳಿನ ಕಣವೋ ಅದಕ್ಕಿಂತ ಎಷ್ಟೋ ಗಟ್ಟಿ. ಒಣಬಟ್ಟೆಯಲ್ಲಿ ಒಮ್ಮೆ ಎಳೆದರೆ ಕಣ್ಣಿಗೆ ಕಾಣದಷ್ಟು ಸಣ್ಣ ಗೀರು ಬೀಳುತ್ತದೆ. ಆರು ತಿಂಗಳು ಹಾಗೆ ಒರೆಸಿದ ಮೇಲೆ ರಾತ್ರಿ ಪೆಟ್ರೋಲ್ ಬಂಕಿನ ದೀಪದ ಕೆಳಗೆ ಬಾನೆಟ್ ನೋಡು, ದೀಪದ ಸುತ್ತ ಜೇಡರಬಲೆ ಕಟ್ಟಿದಂತೆ ಗೀರುಗಳು ಕಾಣುತ್ತವೆ.

ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಬೆಳಗಿನ ಜಾವ ಬಂದು ಕಾರು ಒರೆಸುವ ಹುಡುಗನ ಮೇಲೆ ರೇಗಬೇಡ. ಒಂದೇ ಬಕೆಟ್ ನೀರು, ಒಂದೇ ಬಟ್ಟೆ, ಸಾಲಾಗಿ ನಿಂತ ಕಾರುಗಳು; ಅವನಾದರೂ ಏನು ಮಾಡುತ್ತಾನೆ? ಪಕ್ಕದ ಕಾರಿನ ಮಣ್ಣು ನಿನ್ನ ಕಾರಿನ ಮೇಲೆ ಉಜ್ಜಿ ಹೋಗುತ್ತಾನೆ, ಅಷ್ಟೇ. ಸಂಬಳ ಕಡಿಮೆ ಮಾಡದೆ, ದಿನವೂ ಗಾಜು ಮತ್ತು ಟಯರ್ ಮಾತ್ರ ಒರೆಸು, ಬಾಡಿ ಮುಟ್ಟಬೇಡ ಅಂತ ಹೇಳು. ಅವನಿಗೂ ಕೆಲಸ ಹಗುರವಾಗುತ್ತದೆ.

ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ನೀನೇ ತೊಳಿ. ಬಿಸಿಲಿನಲ್ಲಿ ಬೇಡ, ಬಾನೆಟ್ ಮೇಲೆ ಅಂಗೈ ಇಟ್ಟರೆ ತಣ್ಣಗಿರಬೇಕು. ಮೊದಲು ಬರೀ ನೀರು ಸುರಿದು ಸಡಿಲ ಮಣ್ಣನ್ನೆಲ್ಲ ಇಳಿಸಿಬಿಡು. ಆಮೇಲೆ ಎರಡು ಬಕೆಟ್ ಇಟ್ಟುಕೋ, ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬರೀ ನೀರು. ಒಂದು ಡೋರ್ ತೊಳೆದ ಕೂಡಲೇ ಬಟ್ಟೆಯನ್ನು ಬರೀ ನೀರಿನಲ್ಲಿ ಜಾಲಾಡಿಸಿ, ಹಿಂಡಿ, ಆಮೇಲಷ್ಟೇ ಶಾಂಪೂಗೆ ಅದ್ದು. ಕೊನೆಗೆ ಆ ಬಕೆಟ್ಟಿನ ತಳದಲ್ಲಿ ಕೂತ ಮರಳನ್ನು ಬೆರಳಿನಿಂದ ಮುಟ್ಟಿ ನೋಡು. ಅಷ್ಟೂ ನಿನ್ನ ಬಣ್ಣ ಗೀಚಬೇಕಾಗಿದ್ದದ್ದು. ಟಾಪಿನಿಂದ ಶುರುಮಾಡಿ ಕೆಳಗಿಳಿ, ಚಕ್ರದ ಬಟ್ಟೆ ಬೇರೆ ಇರಲಿ. ನೆಲಕ್ಕೆ ಬಿದ್ದ ಬಟ್ಟೆಯನ್ನು ಅವತ್ತು ಮತ್ತೆ ಬಾಡಿಗೆ ಮುಟ್ಟಿಸಬೇಡ. ಪಾತ್ರೆ ತೊಳೆಯುವ ಸೋಪು, ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ. ಜಿಡ್ಡಿನ ಜೊತೆ ನೀನು ಹಚ್ಚಿದ ವ್ಯಾಕ್ಸನ್ನೂ ಅವು ಕಿತ್ತುಕೊಂಡು ಹೋಗುತ್ತವೆ.

ನೀರಿನ ವಿಷಯ. 2024ರ ಮಾರ್ಚಿನಲ್ಲಿ, ಬೋರ್‌ವೆಲ್‌ಗಳು ಬತ್ತಿದ್ದಾಗ, ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡ ಅಂತ ಆದೇಶ ಹೊರಡಿಸಿತ್ತು. ದಂಡ ಇರಲಿ ಬಿಡಲಿ, ಪೈಪು ಹಿಡಿದು ನಿಲ್ಲುವುದು ಅನ್ಯಾಯ. ಮೂರು ನಾಲ್ಕು ಬಕೆಟ್ ಧಾರಾಳ ಸಾಕು. ಹಾಗಂತ ಆರ್‌ಓ ಮಿಷನ್ನಿನಿಂದ ಹೊರಬರುವ ನೀರನ್ನು ಹಿಡಿದಿಟ್ಟು ಕಾರಿಗೆ ಸುರಿಯಬೇಡ. ನಿಮ್ಮಮ್ಮ ಅದನ್ನು ಉಳಿತಾಯ ಅಂತಾಳೆ, ನೆಲ ಒರೆಸಲಿ. ಬೋರ್ ನೀರಿನ ಲವಣವೆಲ್ಲ ಇನ್ನಷ್ಟು ಗಾಢವಾಗಿ ಸೇರಿಕೊಂಡಿರುವುದು ಅದರಲ್ಲೇ. ಹನಿ ಆರಿದ ಕಡೆಯಲ್ಲೆಲ್ಲ ಬಿಳಿ ಉಂಗುರ ಉಳಿಯುತ್ತದೆ, ಬಿಸಿಲಿಗೆ ಬಿದ್ದರೆ ಕಚ್ಚಿಕೊಳ್ಳುತ್ತದೆ. ಚಾವಣಿಯ ಮಳೆನೀರು ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ. ಯಾವ ನೀರಾದರೂ ತಾನಾಗಿ ಆರಲು ಬಿಡದೆ ಮೈಕ್ರೋಫೈಬರ್ ಟವೆಲ್ ಹಾಸಿ ಹೀರಿಸು.

ಹಕ್ಕಿ ಹಿಕ್ಕೆ ಬಿದ್ದರೆ ಉಗುರಿನಿಂದ ಕೆರೆಯಬೇಡ. ಒದ್ದೆ ಟಿಶ್ಯೂ ಹೊದಿಸಿ ಐದು ನಿಮಿಷ ಬಿಟ್ಟು ಎತ್ತು, ಅದೂ ಅವತ್ತೇ. ಒಂದೆರಡು ದಿನದ ಬಿಸಿಲು ಸಾಕು ಅದರ ಗುರುತು ಉಳಿಯಲು. ಬೇಸ್‌ಮೆಂಟಿನಲ್ಲಿ ಕಾಂಕ್ರೀಟ್ ಚಾವಣಿಯಿಂದ ಸುಣ್ಣದ ನೀರು ತೊಟ್ಟಿಕ್ಕುವ ಜಾಗವಿದ್ದರೆ ಜಗಳ ಮಾಡಿಯಾದರೂ ಬೇರೆ ಸ್ಲಾಟ್ ತಗೋ. ಆ ಕಲೆಗೆ ನೀರು ಬೆರೆಸಿದ ವಿನಿಗರ್ ಸವರಿ ಕೂಡಲೇ ತೊಳೆದರೆ ಮೇಲಿನ ಸುಣ್ಣ ಹೋದೀತು, ಬಣ್ಣದೊಳಗೆ ಇಳಿದದ್ದು ಹೋಗುವುದಿಲ್ಲ. ಆಯುಧಪೂಜೆಗೆ ಬಾಳೆಕಂದು ಕಟ್ಟು, ಬೇಡ ಅನ್ನುವುದಿಲ್ಲ. ಆದರೆ ಬಾಳೆಸೊನೆ ಬಣ್ಣಕ್ಕೆ ತಾಗದಿರಲಿ, ಕುಂಕುಮವನ್ನು ಗಾಜಿಗೆ ಇಡು. ನಿಂಬೆಹಣ್ಣು ಹೇಗೂ ಚಕ್ರದ ಕೆಳಗೆ.

ಇನ್ನು ಪಾಲಿಶ್. ಅಂಗಡಿಯವನು ಪಾಲಿಶ್, ವ್ಯಾಕ್ಸ್ ಎರಡನ್ನೂ ಒಂದೇ ಉಸಿರಿನಲ್ಲಿ ಮಾರುತ್ತಾನೆ. ಪಾಲಿಶ್ ಅಂದರೆ ಅರೆಯುವ ಪುಡಿ. ಗೀರಿನ ಅಂಚು ಸವೆಸಿ ಮಟ್ಟ ಮಾಡುತ್ತದೆ, ಅಂದರೆ ಕ್ಲಿಯರ್ ಕೋಟನ್ನೇ ಸ್ವಲ್ಪ ತಿನ್ನುತ್ತದೆ. ಹಳೇ ಅಂಬಾಸಡರ್ ಕಾಲದಲ್ಲಿ ರಬ್ಬಿಂಗ್ ಹೊಡೆದರೆ ಬಟ್ಟೆಗೆ ಬಣ್ಣವೇ ಬರುತ್ತಿತ್ತು, ಎಷ್ಟು ಹೋಯಿತು ಅಂತ ಕಣ್ಣಿಗೆ ಕಾಣುತ್ತಿತ್ತು. ಈಗಿನದರಲ್ಲಿ ಅದು ಕಾಣುವುದಿಲ್ಲ, ಅದಕ್ಕೇ ಹೆದರಬೇಕು. ಗೀರಿನ ಮೇಲೆ ಉಗುರು ಎಳೆದು ನೋಡು. ಉಗುರು ಸಿಕ್ಕಿಕೊಂಡರೆ ಪಾಲಿಶ್‌ನಿಂದ ಅದು ಹೋಗುವುದಿಲ್ಲ, ಪೇಂಟರ್ ಹತ್ತಿರ ಹೋಗು. ಹೊಸ ಕಾರಿಗಂತೂ ಪಾಲಿಶ್ ಬೇಕಿಲ್ಲ.

ವ್ಯಾಕ್ಸ್ ಬೇರೆ. ಅದು ಮೇಲೆ ಹೊದಿಸುವ ವಸ್ತು. ಒಳ್ಳೆಯದರಲ್ಲಿ ಬ್ರೆಜಿಲ್ಲಿನ ಒಂದು ಜಾತಿಯ ತಾಳೆಗರಿಯಿಂದ ತೆಗೆದ ಕಾರ್ನೌಬಾ ಮೇಣ ಇರುತ್ತದೆ. ತೊಳೆದು ಒಣಗಿಸಿದ ಮೇಲೆ ನೆರಳಿನಲ್ಲಿ ತೆಳುವಾಗಿ ಸವರು, ಆರಿದ ಮೇಲೆ ಇನ್ನೊಂದು ಬಟ್ಟೆಯಿಂದ ಒರೆಸು. ದಪ್ಪ ಹಚ್ಚಿದರೆ ಕೈ ನೋವು ಹೆಚ್ಚು, ಹೊಳಪು ಅಷ್ಟೇ. ಕಪ್ಪು ಪ್ಲಾಸ್ಟಿಕ್‌ಗೆ ತಾಗದಿರಲಿ, ಬೆಳ್ಳಗಾಗುತ್ತದೆ. ನೀರು ಗುಂಡು ಹನಿಯಾಗಿ ನಿಲ್ಲುವುದು ಬಿಟ್ಟಾಗ ಮತ್ತೆ ಹಚ್ಚು. ನಮ್ಮ ಬಿಸಿಲಿಗೆ ಒಂದೆರಡು ತಿಂಗಳು ಬಂದರೆ ಹೆಚ್ಚು.

ಕವರ್ ಹಾಕುವ ಆಸೆಯಿದ್ದರೆ ತೊಳೆದ ಕಾರಿಗೆ ಮಾತ್ರ ಹಾಕು. ಧೂಳಿನ ಮೇಲೆ ಹೊದಿಸಿದ ಕವರ್ ಗಾಳಿಗೆ ಅಲ್ಲಾಡಿ ಇಡೀ ರಾತ್ರಿ ಉಜ್ಜುತ್ತದೆ.

ಶೋರೂಮಿನವರು ಸೆರಾಮಿಕ್ ಕೋಟಿಂಗ್ ಮಾಡಿಸಿ ಅಂತ ಗಂಟು ಬೀಳುತ್ತಾರೆ. ಕೆಟ್ಟದ್ದಲ್ಲ, ವ್ಯಾಕ್ಸಿಗಿಂತ ಬಹಳ ದಿನ ಬಾಳುತ್ತದೆ, ಕೊಳೆ ಸುಲಭವಾಗಿ ಜಾರುತ್ತದೆ. ಆದರೆ ಹೆದ್ದಾರಿಯಲ್ಲಿ ಲಾರಿ ಚಕ್ರದಿಂದ ಸಿಡಿದ ಕಲ್ಲನ್ನು ಅದು ತಡೆಯುವುದಿಲ್ಲ, ಒಣಬಟ್ಟೆಯ ಗೀರನ್ನೂ ಪೂರ್ತಿ ತಡೆಯುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಮಾಡಿಸು, ಅದಕ್ಕೆ ಅಂತ ಸಾಲ ಮಾತ್ರ ಮಾಡಬೇಡ. ಮಾಡಿಸಿದರೂ ಆ ಎರಡು ಬಕೆಟ್ ತಪ್ಪಿದ್ದಲ್ಲ.